ಮೂಗಿಗೆ ತುಪ್ಪ

ಎರಡು ರೂಪಾಯಿ.
ಕಾರ್ಡು ಉಜ್ಜಿದ ಹುಡುಗ ಅಷ್ಟೇ ಮೇಡಂ ಅಂದ.
ಬ್ಯಾಂಕಿನವರು ಬೆನ್ನುಬಿದ್ದು ಕೊಟ್ಟ ಕಾರ್ಡು,
ಮೂರು ವರ್ಷ ಅಕ್ಕಿಡಬ್ಬಿಯ ಹಿಂದೆ ಮಲಗಿತ್ತು.
ಎರಡು ರೂಪಾಯಿಗೆ ಮಾಗಡಿ ರೋಡಿನಲ್ಲಿ
ಒಂದು ಬೆಂಕಿಪೊಟ್ಟಣ ಬರುತ್ತದೆ.
ನನ್ನ ಬ್ಯಾಗಿನಲ್ಲಿದ್ದ ಬೆಂಕಿಪೊಟ್ಟಣವನ್ನು
ಆಗಲೇ ಕಿತ್ತುಕೊಂಡಿದ್ದರು, ಸ್ಯಾಂಪಲ್ ಕಡ್ಡಿಗಳನ್ನು
ಒಂದೊಂದಾಗಿ ಮೂಸಿ ನೋಡಿ.

ಗಾಜಿನ ಬಾಗಿಲು ತಾನಾಗಿ ಸರಿಯಿತು.

ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ
ಊದಿನಕಡ್ಡಿಗೆ ಸುಗಂಧ ಬೆರೆಸಿದ ಮೂಗು ನನ್ನದು.
ಎಲ್ಲಿಗೆ ಹೋದರೂ ಕಣ್ಣಿಗಿಂತ ಮೊದಲು
ಅದೇ ಒಳಗೆ ನುಗ್ಗುತ್ತದೆ, ಚಪ್ಪಲಿ ಬಿಡದೆ.

ಒಳಗೆ ಏನಿರುತ್ತದೆ ಅಂತ ನಾಳೆ ಕೇಳುತ್ತಾರೆ ಶೆಡ್ಡಿನವರು.
ಹೇಳಬೇಕು:
ಕಾರ್ಪೆಟ್ಟಿನಲ್ಲಿ ಒಣಗದ ಸೋಪಿನ ನೀರು.
ಮೆಷಿನ್ನಿನ ಮೂತಿಯಲ್ಲಿ ಸೀದ ಹಾಲು.
ಬಿಸಿಬೇಳೆಬಾತು, ಹೆಸರಿನ ಮೊದಲ ಎರಡಕ್ಷರ ಸುಳ್ಳು;
ಚಕ್ಕೆ ಇದೆ, ಲವಂಗ ಇದೆ, ಮರಾಠಿ ಮೊಗ್ಗಿಲ್ಲ.
ಇನ್ನು ಸೂರಿನ ಕಿಂಡಿಯಿಂದ ಯಾರೋ ಗುಟ್ಟಾಗಿ ಬಿಡುವ
ಮಜ್ಜಿಗೆಹುಲ್ಲಿನ ಘಮ.
ಹುಲ್ಲೂ ಇಲ್ಲ, ಮಜ್ಜಿಗೆಯೂ ಇಲ್ಲ ಅದರಲ್ಲಿ,
ಪೀಪಾಯಿಗೆ ಎಷ್ಟು ಅಂತ ರೇಟು ಬೇಕಾದರೂ ಹೇಳಬಲ್ಲೆ.

ಒರಗುಕುರ್ಚಿಗಳ ಮೇಲೆಲ್ಲ ಶಾಲು, ಲ್ಯಾಪ್‌ಟಾಪು, ಯಾರದೋ ಕಾಲು.
ಚಾರ್ಜರಿನ ತೂತಿಗೆ ಇಬ್ಬರು ಸಭ್ಯವಾಗಿ ಜಗಳವಾಡಿದರು.
ಒಬ್ಬಾಕೆ ನಾಲ್ಕು ಬಾಳೆಹಣ್ಣು ಪರ್ಸಿಗಿಳಿಸಿ
ನನ್ನತ್ತ ನೋಡಿದಳು;
ನಾನು ಸೂರು ನೋಡಿದೆ.

ಉಮ್ರಾಕ್ಕೆ ಹೊರಟವರು ಆರು ಜನ ಮೂಲೆಯಲ್ಲಿ.
ಹೊಲಿಗೆಯಿಲ್ಲದ ಬಿಳಿ ಬಟ್ಟೆ, ಒಂದು ತೊಟ್ಟೂ ಅತ್ತರಿಲ್ಲ.
ಹೋಗಿ ಅವರ ಹತ್ತಿರ ಕೂತೆ.
ಆ ರಾತ್ರಿ ನನ್ನ ಮೂಗು ಕಾಲು ಚಾಚಿದ್ದು ಅಲ್ಲೇ.

ನಾನು ಹೊರಟದ್ದು ಸಲಾಲಾಕ್ಕೆ, ಮಸ್ಕತ್ತಿನ ಮೇಲೆ.
ಅಲ್ಲಿ ತೊಗಟೆ ಕೆತ್ತಿದಲ್ಲಿ ಮರ ಅಳುತ್ತದಂತೆ,
ಅತ್ತದ್ದು ಗಟ್ಟಿಯಾಗಿ ಲೋಬಾನವಾಗಿ
ಮೂಟೆಯಲ್ಲಿ ನಮ್ಮ ಶೆಡ್ಡಿಗೆ ಬರುತ್ತದೆ.
ಇಷ್ಟು ವರ್ಷ ಕಣ್ಣೀರನ್ನು ಜರಡಿ ಹಿಡಿದಿದ್ದೇನೆ,
ಕಿಲೋಗೆ ಇಷ್ಟು ಅಂತ ಚೌಕಾಸಿ ಮಾಡಿದ್ದೇನೆ,
ಅತ್ತವರ ಮುಖ ನೋಡಿಲ್ಲ.

ಒಂದೂವರೆ.
ಕರೆಯುತ್ತಾರೆ ಅಂತ ಕಾದೆ.
ಮೆಜೆಸ್ಟಿಕ್ಕಿನಲ್ಲಾದರೆ ಕಂಡಕ್ಟರು ಊರಿನ ಹೆಸರನ್ನು
ಗಂಟಲಲ್ಲಿ ಮೂರು ಸಲ ಹರಿದು ಹಾಕುತ್ತಾನೆ,
ಮಲಗಿದವನೂ ಎದ್ದು ಹತ್ತುತ್ತಾನೆ.
ಇಲ್ಲಿ ಟೀವಿಗೂ ಬಾಯಿಲ್ಲ.

ಆಗ ಬಂತು.
ಎಲ್ಲ ಸುಳ್ಳುಗಳ ನಡುವೆ ತೆಳ್ಳಗೆ, ಒಗರಾಗಿ,
ಸಿಪ್ಪೆ ಮುರಿದಾಗ ಚಿಮ್ಮುವ ಎಣ್ಣೆಯ ಕಹಿ ತುದಿ.
ಚಕ್ಕೋತ.
ಬಾಟಲಿಯದಲ್ಲ, ಮರದ್ದು.

ತಟ್ಟೆ ಎತ್ತುವಾಕೆಯ ಬೆರಳಲ್ಲಿತ್ತು.
ಎದೆಯ ಪಟ್ಟಿಯಲ್ಲಿ ಮುನಿರತ್ನ.
ಕೇಳಿದೆ. ಮುಖ ಬಾಡಿತು, ಕಂಪ್ಲೇಂಟು ಅಂದುಕೊಂಡಳು.
ಇಲ್ಲಮ್ಮ, ಚೆನ್ನಾಗಿದೆ ಅಂತ ಕೇಳಿದೆ ಅಂದೆ.
"ದೇವನಹಳ್ಳಿದು ಕಣಕ್ಕ, ನಮ್ಮ ಹಿತ್ಲುದ್ದೇ.
ಶಿಫ್ಟು ಮಧ್ಯ ತಿನ್ನಾನ ಅಂತ ತಂದಿದ್ದೆ."
ಟಿಶ್ಯೂವಿನಲ್ಲಿ ಎರಡು ತೊಳೆ, ಒಂದು ಚೂರು ಸಿಪ್ಪೆ,
ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೊಟ್ಟಳು.
ಆಮೇಲೆ ನನ್ನ ಚೀಟಿ ನೋಡಿ
"ಮಸ್ಕತ್ತಾ? ಇಲ್ಲಿ ಯಾರೂ ಕೂಗಾಕಿಲ್ಲ,
ಏಳಕ್ಕ, ಏಳು, ಹೊಂಟೋಗ್ತದೆ!"

ಓಡಿದೆ.
ಬಿದಿರಿನ ಸೂರು, ನೇತಾಡುವ ಬಳ್ಳಿ,
ಸೆಂಟಿನ ಅಂಗಡಿಗಳ ಹುಡುಗಿಯರು ಚಾಚಿದ ಕಾಗದದ ಪಟ್ಟಿ,
ಮೂಗಿಗೆ ತುಪ್ಪ ಸವರುವವರ ಸಾಲನ್ನೆಲ್ಲ ದಾಟಿ
ಉಸಿರು ಬಿಗಿಹಿಡಿದು
ಗೇಟು ಮುಚ್ಚುವಷ್ಟರಲ್ಲಿ ಒಳಗೆ.

ಬೆಂಗಳೂರಿನ ದೀಪಗಳು ವಾಲಿದಾಗ
ಜೇಬಿನಲ್ಲಿ ಸಿಪ್ಪೆಯನ್ನು ಉಗುರಿನಿಂದ ಒತ್ತಿದೆ.
ಪಕ್ಕದ ಸೀಟಿನವರು ತಲೆ ಎತ್ತಿ
ಗಾಳಿ ಮೂಸಿ ಸುತ್ತ ನೋಡಿದರು.

ನಾನೂ ನೋಡಿದೆ, ಅವರ ಜೊತೆ,
ಏನೂ ಗೊತ್ತಿಲ್ಲದವಳ ಹಾಗೆ.